ಒಂಬತ್ತರ ಸಂಗು

ಬಿಸಿಯಾದ ಮೋಟಾರಿನ ಧೂಳು, ಹರಳೆಣ್ಣೆ, ಅವೆರಡರ ನಡುವೆ ಒಂದು ಚಿಟಿಕೆ ವಿಭೂತಿ. ಮಾಸಿಲಾಮಣಿಗೆ ಅಪ್ಪ ಎಂದರೆ ಮೊದಲು ಈ ವಾಸನೆ ನೆನಪಾಗುತ್ತಿತ್ತು; ಮುಖ ಆಮೇಲೆ. ಚಿಕ್ಕವನಿದ್ದಾಗ ಅಪ್ಪನ ತೊಡೆಯ ಮೇಲೆ ಕೂತು, ಎರಡೂ ಕಿವಿಗೆ ಹತ್ತಿ ತುರುಕಿಸಿಕೊಂಡು, ಪೂವಂಕುಡಿ ಪುರಸಭೆಯ ತಾರಸಿಯ ಮೇಲಿನ ಪುಟ್ಟ ಕೋಣೆಯಲ್ಲಿ ಅವನು ಆ ವಾಸನೆಯನ್ನು ಎಷ್ಟು ಕುಡಿದಿದ್ದನೆಂದರೆ, ದೊಡ್ಡವನಾಗುವ ಹೊತ್ತಿಗೆ ಅದು ಅವನದೇ ಮೈವಾಸನೆಯಾಗಿಬಿಟ್ಟಿತ್ತು.

ಆ ಕೋಣೆಯಲ್ಲಿದ್ದದ್ದು ಊರಿನ ಸೈರನ್ನು. ಜನ ಅದನ್ನು ಸಂಗು ಎನ್ನುತ್ತಿದ್ದರು. ದಿನಕ್ಕೆ ಐದು ಸಲ ಕೂಗುತ್ತಿತ್ತು. ಆ ಕಾಲದಲ್ಲಿ ನಮ್ಮ ಪೂವಂಕುಡಿಯಲ್ಲಿ ಗಡಿಯಾರ ಇದ್ದವರೂ ಮೊದಲು ಸಂಗು ಕೇಳಿ, ಆಮೇಲೆ ಗಡಿಯಾರದ ಮುಳ್ಳು ತಿರುಗಿಸುತ್ತಿದ್ದರು. ಬೆಳಗಿನ ಐದರ ಸಂಗಿಗೆ ಬಾಗಿಲಿಗೆ ನೀರು. ಒಂಬತ್ತರದಕ್ಕೆ ಶಾಲೆಯ ಗೇಟು, ಅಕ್ಕಿ ಗಿರಣಿ. ಒಂದರದಕ್ಕೆ ಊಟದೆಲೆ. ಸಂಜೆ ಐದರದಕ್ಕೆ ಕಚೇರಿಗಳ ಬಾಗಿಲು. ರಾತ್ರಿ ಎಂಟರ ಸಂಗು ಆದ ಮೇಲೆ ಯಾವ ತಾಯಿಯೂ ಮಕ್ಕಳಿಗೆ ಮಲಗಿ ಎಂದು ಗದರಬೇಕಾಗಿರಲಿಲ್ಲ.

ಅಪ್ಪನ ನಂತರ ಇಪ್ಪತ್ತೆಂಟು ವರ್ಷ ಅದರ ಹಿಡಿಕೆ ಎಳೆದವನು ಮಾಸಿಲಾಮಣಿ. ಒಂದು ನಿಮಿಷ ಮುಂಚೆಯೂ ಇಲ್ಲ, ಒಂದು ನಿಮಿಷ ತಡವೂ ಇಲ್ಲ. ಇದರಿಂದ ಊರಿಗಾದ ಉಪಕಾರ ದೊಡ್ಡದು. ಅವನಿಗೆ ಮಾತ್ರ ನೆಂಟರಿಷ್ಟರ ಒಂದು ಮುಹೂರ್ತಕ್ಕೂ ಹೋಗಲಾಗಲಿಲ್ಲ. ತನ್ನ ಮದುವೆಯಲ್ಲೇ ಎಂಟೂಕಾಲಿಗೆ ತಾಳಿ ಕಟ್ಟಿ, ಹೂಮಾಲೆಯ ಸಮೇತ ಸೈಕಲ್ ಹತ್ತಿ ಒಂಬತ್ತರ ಸಂಗಿಗೆ ಹೊರಟವನು. ಪಕ್ಕದ ಎಲೆ ಖಾಲಿ ಇಟ್ಟುಕೊಂಡು ಒಬ್ಬಳೇ ಪಾಯಸ ಕುಡಿದ ಹೆಂಡತಿ ಕಾಂತಿಮತಿಯನ್ನು ಅವಳ ಅಕ್ಕ ಶಿವಕಾಮಿ ಇಂದಿಗೂ ಕೆಣಕುವುದನ್ನು ಬಿಟ್ಟಿರಲಿಲ್ಲ.

"ಏನೇ ಕಾಂತಿ, ನಿನಗೆ ಗಂಡ ಅಂತ ಒಬ್ರು ಇದಾರಾ, ಇಲ್ಲಾ ಬರೀ ಸದ್ದು ಮಾತ್ರಾನಾ?" ಎಂದು ಪ್ರತಿ ಹಬ್ಬಕ್ಕೂ ಕೇಳುತ್ತಿದ್ದಳು.

ಹೀಗಿರುವಾಗ ಪುರಸಭೆಗೆ ನೂರು ವರ್ಷ ತುಂಬಿತು. ಊರಿಗಾಗಿ ದುಡಿದ ಏಳು ಜನ ನೌಕರರಿಗೆ ಕಲೆಕ್ಟರರ ಕೈಯಿಂದ ಜರಿ ಶಾಲು ಹೊದಿಸುವುದೆಂದು ಸಭೆಯಲ್ಲಿ ತೀರ್ಮಾನವಾಯಿತು. ಪಟ್ಟಿಯಲ್ಲಿ ಮೊದಲ ಹೆಸರೇ ಮಾಸಿಲಾಮಣಿಯದು. ಸುದ್ದಿ ತಿಳಿದ ದಿನ ಕಾಂತಿಮತಿ ಮಾಡಿದ ಮೊದಲ ಕೆಲಸವೆಂದರೆ ಅಕ್ಕನಿಗೊಂದು ಕಾರ್ಡು ಬರೆದದ್ದು: "ಗುರುವಾರ ಬಾ. ಕಣ್ಣಾರೆ ನೋಡು."

ಚೇರ್ಮನ್ ಅರುಣಗಿರಿಯವರಿಗೆ ಇನ್ನೊಂದು ಯೋಚನೆ ಹೊಳೆಯಿತು. "ಒಂಬತ್ತರ ಸಂಗು ಆದ ತಕ್ಷಣ ಸಮಾರಂಭ ಶುರು. ನಮ್ಮೂರಿನ ಶಿಸ್ತು ಏನು ಅಂತ ಹೊಸ ಕಲೆಕ್ಟರ್ ಅಮ್ಮನಿಗೆ ಗೊತ್ತಾಗ್ಲಿ!"

ಎಲ್ಲರೂ ಚಪ್ಪಾಳೆ ತಟ್ಟಿದರು. ಮಾಸಿಲಾಮಣಿಯೂ ತಟ್ಟಿದ. ಮನೆಗೆ ಹೋಗುವ ದಾರಿಯಲ್ಲಿ ಅವನಿಗೆ ಏನೋ ಚುಚ್ಚಿದಂತಾಗಿ, ಹಿಂದಕ್ಕೆ ಬಂದು ಕಮಿಷನರ್ ತಾಯುಮಾನವನ್ ಅವರ ಮೇಜಿನ ಮುಂದೆ ನಿಂತ.

"ಸಾರ್, ಒಂಬತ್ತಕ್ಕೆ ನಾನು ವೇದಿಕೆ ಮೇಲಿದ್ರೆ ಸಂಗು ಯಾರು ಸಾರ್ ಹೊಡೆಯೋದು?"

ಕಮಿಷನರ್ ಕನ್ನಡಕ ತೆಗೆದು ಒರೆಸಿದರು. ಫೈಲಿನಲ್ಲಿ ಇಲ್ಲದ ಪ್ರಶ್ನೆ ಯಾರಾದರೂ ಕೇಳಿದಾಗ ಅವರು ಹಾಗೆ ಮಾಡುತ್ತಿದ್ದರು. "ಯಾರನ್ನಾದ್ರೂ ಬದಲಿಗೆ ನೋಡ್ಕೊಳಪ್ಪಾ. ಎರಡು ಗಂಟೆ ಪರ್ಮಿಷನ್‌ಗೆ ಚೀಟಿ ಬರೆದುಕೊಡು."

ಬದಲಿಗೆ ಹುಡುಕುವ ಕಷ್ಟವೇ ಬರಲಿಲ್ಲ. ಮಾಸಿಲಾಮಣಿ ಮನೆಯಲ್ಲಿ ಹೆಂಡತಿಗೆ ಹೇಳಿದ್ದನ್ನು ಪಕ್ಕದ ಮನೆಯ ಚೊಕ್ಕಲಿಂಗಂ ಗೋಡೆಯಾಚೆಯಿಂದಲೇ ಎಲ್ಲ ಕೇಳಿಸಿಕೊಂಡಿದ್ದ. ಬಸ್ ಕಂಡಕ್ಟರ್ ಆಗಿ ನಿವೃತ್ತನಾದ ಮೇಲೆ ಅವನಿಗೆ ಊರಿನ ಎಲ್ಲರ ಕೆಲಸವೂ ತನ್ನದೇ.

"ಮೂವತ್ತು ವರ್ಷ ಬಸ್ಸಿಗೆ ಸೀಟಿ ಊದಿದವನು ನಾನು. ನಿನ್ನ ಸಂಗು ಎಳೆಯೋಕಾಗಲ್ವಾ? ಸುಮ್ನೆ ಹೋಗಿ ಶಾಲು ಹೊದ್ಕೊಂಡು ಬಾ. ಸಿಹಿ ಕೊಟ್ರೆ ನನ್ನ ಪಾಲು ಮರೀಬೇಡ, ಅಷ್ಟೇ."

ಬುಧವಾರವೆಲ್ಲ ಮಾಸಿಲಾಮಣಿ ಅವನಿಗೆ ಹಿಡಿಕೆ ಎಳೆಯುವುದನ್ನು ಕಲಿಸಿದ. ಗೋಡೆ ಗಡಿಯಾರದ ದೊಡ್ಡ ಮುಳ್ಳು ಹನ್ನೆರಡನ್ನು ಮುಟ್ಟಿದಾಗ ಎಳೆಯಬೇಕು, ಇಪ್ಪತ್ತು ಎಣಿಸಬೇಕು, ಬಿಡಬೇಕು. ಚೊಕ್ಕಲಿಂಗಂ ಬೇಗ ಕಲಿತ. ಇಲ್ಲಿಯವರೆಗೆ ಎಲ್ಲವೂ ಸರಿಯಾಗಿಯೇ ಇತ್ತು.

ಗುರುವಾರ ಬೆಳಗ್ಗೆ ಏಳಕ್ಕೆ ಪುರಸಭೆಯ ಇಬ್ಬರು ಆಳುಗಳು ಏಣಿ ಹಿಡಿದು ತಾರಸಿಗೆ ಬಂದರು. "ಚೇರ್ಮನ್ ಹೇಳಿದಾರಣ್ಣಾ. ವೇದಿಕೆಗೆ ಅಲಂಕಾರ" ಎಂದು ಆ ಗೋಡೆ ಗಡಿಯಾರವನ್ನು ಇಳಿಸಿಕೊಂಡು ಹೋದರು. ಅದಕ್ಕೆ ಸಮಾರಂಭದ ಕಲ್ಯಾಣ ಮಂಟಪದಲ್ಲಿ ಸೇವಂತಿಗೆ ಹಾರ ಹಾಕಿ, ಕುಂಕುಮವಿಟ್ಟು ಮೇಜಿನ ಮೇಲೆ ನಿಲ್ಲಿಸಿದರು.

"ಚಿಂತೆ ಯಾಕೆ?" ಎಂದ ಚೊಕ್ಕಲಿಂಗಂ, ಎಡಗೈ ಎತ್ತಿ ತೋರಿಸುತ್ತ. "ನನ್ನ ಕೈಗಡಿಯಾರ ಇದೆ. ನನ್ನ ಮಾವ ಕೊಟ್ಟದ್ದು."

ಮಾಸಿಲಾಮಣಿಯ ಬಳಿ ಅಪ್ಪನ ಜೇಬುಗಡಿಯಾರವೂ ಇತ್ತು. ವಾರಕ್ಕೊಮ್ಮೆ ಅವನು ರೈಲ್ವೆ ಸ್ಟೇಷನ್ನಿನ ತನಕ ಸೈಕಲ್ ತುಳಿದು ಅದನ್ನು ಹೊಂದಿಸಿಕೊಂಡು ಬರುತ್ತಿದ್ದ. ಅದನ್ನೇ ಚೊಕ್ಕಲಿಂಗನಿಗೆ ಕೊಡೋಣವೆಂದುಕೊಂಡ. ಆದರೆ ಅವನು ಮನೆಗೆ ಬರುವಷ್ಟರಲ್ಲಿ ಕಾಂತಿಮತಿ ಅದರ ಸರಪಳಿಯನ್ನು ಹುಣಸೆಹಣ್ಣು ಹಚ್ಚಿ ಉಜ್ಜಿ, ಗಂಡನ ಹೊಸ ಬಿಳಿ ಅಂಗಿಗೆ ಸಿಕ್ಕಿಸಿಯಾಗಿತ್ತು.

"ತೆಗೆದ್ರೆ ನೋಡಿ! ಅಕ್ಕ ಮುಂದಿನ ಸಾಲಲ್ಲಿ ಕೂತಿರ್ತಾಳೆ. ಇದಾದ್ರೂ ಹೊಳೀಲಿ."

ಅವನು ತೆಗೆಯಲಿಲ್ಲ.

ಒಂಬತ್ತಕ್ಕೆ ಐದು ನಿಮಿಷವಿರುವಾಗ ಕಲ್ಯಾಣ ಮಂಟಪ ತುಂಬಿತ್ತು. ವೇದಿಕೆಯ ಮೇಲೆ ಏಳು ಕುರ್ಚಿ. ಮೊದಲನೆಯದರಲ್ಲಿ ಮಾಸಿಲಾಮಣಿ, ಹೊಸ ಪಂಚೆಯ ಗಂಜಿಯಿಂದ ಮಡಿಚಲಾರದ ಕಾಲು ಚಾಚಿಕೊಂಡು. ಪಕ್ಕದಲ್ಲಿ ಹೆರಿಗೆ ಆಸ್ಪತ್ರೆಯ ಆಯಾ. ಅವಳು ಅವನ ಹಣೆಯ ಬೆವರು ನೋಡಿ ತನ್ನ ಕರವಸ್ತ್ರ ಕೊಟ್ಟಳು. ಬೀದಿ ಗುಡಿಸುವ ಮುದುಕಿ ಕುರ್ಚಿಯ ತುದಿಯಲ್ಲಿ ಕೂತಿದ್ದನ್ನು ಕಂಡು ಕಲೆಕ್ಟರ್ ಅಮ್ಮ ತಾವೇ ಹೋಗಿ, "ಒರಗಿ ಕೂತ್ಕೊಳ್ಳಿ ಅಜ್ಜೀ" ಎಂದರು. ಉತ್ತರದ ಕಡೆಯವರು, ಚಿಕ್ಕ ವಯಸ್ಸು, ನಮ್ಮ ಮಾತನ್ನು ಒಂದೊಂದೇ ಕಾಳು ಆರಿಸಿದಂತೆ ಆಡುತ್ತಿದ್ದರು. ಮುಂದಿನ ಸಾಲಿನಲ್ಲಿ ಕಾಂತಿಮತಿ, ಶಿವಕಾಮಿ.

"ಅಮ್ಮಾ, ನಮ್ಮೂರಲ್ಲಿ ಸಂಗು ಆಗದೆ ಒಂದು ಎಲೆ ಅಲ್ಲಾಡಲ್ಲ" ಎಂದರು ಚೇರ್ಮನ್ ಮೈಕಿನಲ್ಲಿ. "ಸಂಗು ಆದ ಕ್ಷಣ ನೀವು ದೀಪ ಹಚ್ಚಬೇಕು."

ಕಲೆಕ್ಟರ್ ಉರಿಯುವ ಮೇಣದ ಬತ್ತಿ ಹಿಡಿದು ದೀಪದ ಮುಂದೆ ನಿಂತರು. ನಾಗಸ್ವರದವನು ಕೆನ್ನೆ ಉಬ್ಬಿಸಿ ಸಿದ್ಧನಾದ. ಹಾರ ಹಾಕಿಸಿಕೊಂಡ ಗಡಿಯಾರದ ದೊಡ್ಡ ಮುಳ್ಳು ಹನ್ನೆರಡನ್ನು ಮುಟ್ಟಿತು.

ಸದ್ದಿಲ್ಲ.

ಮುಳ್ಳು ಹನ್ನೆರಡನ್ನು ದಾಟಿತು. ನಾಗಸ್ವರದವನ ಕೆನ್ನೆ ಬೂದುಗುಂಬಳದಂತಾಗಿತ್ತು; ಊದುವ ಹಾಗಿಲ್ಲ, ಬಿಡುವ ಹಾಗಿಲ್ಲ. ಮೇಣ ಕಲೆಕ್ಟರರ ಬೆರಳಿಗೆ ಇಳಿಯಿತು. ಯಾರೋ ಎರಡನೆಯ ಬತ್ತಿ ಕೊಟ್ಟರು. "ಈಗ ಆಗುತ್ತೆ" ಎಂದರು ಚೇರ್ಮನ್. ಒಂಬತ್ತು ಐದಕ್ಕೂ ಹಾಗೇ ಅಂದರು. ಒಂಬತ್ತು ಎಂಟಕ್ಕೆ ಮೂರನೆಯ ಬತ್ತಿ ಬಂತು. ಸಭೆಯಲ್ಲಿ ಒಬ್ಬರೂ ಇದೇನು ತಡವೆಂದು ಕೇಳಲಿಲ್ಲ. ಎಲ್ಲರೂ ತಮ್ಮ ತಮ್ಮ ಕೈಗಡಿಯಾರ ಕಿವಿಗಿಟ್ಟುಕೊಂಡು, ಇದು ಯಾಕೆ ಮುಂದೆ ಓಡುತ್ತಿದೆ ಎಂದು ಅಲ್ಲಾಡಿಸುತ್ತಿದ್ದರು.

ತಡವಾಗಿದೆ ಎಂದು ಗೊತ್ತಿದ್ದದ್ದು ಇಡೀ ಮಂಟಪದಲ್ಲಿ ಒಬ್ಬನಿಗೇ. ಮಾಸಿಲಾಮಣಿ ಒಂಬತ್ತು ಹತ್ತಕ್ಕೆ ತಾಳಲಾರದೆ ಎದ್ದ. ಕಾಂತಿಮತಿ ಕಣ್ಣಲ್ಲೇ ಬೇಡಿಕೊಂಡಳು: ಕೂತ್ಕೊಳ್ಳಿ. ಅವನು ಪಂಚೆ ಎತ್ತಿ ಕಟ್ಟಿ ವೇದಿಕೆಯಿಂದ ಹಾರಿ ಪಕ್ಕದ ಬಾಗಿಲಿನಿಂದ ಓಡಿದ.

"ನೋಡೇ, ಇವತ್ತೂ ಹೋದ್ರು" ಎಂದಳು ಶಿವಕಾಮಿ.

ಅಂಗಡಿ ಬೀದಿ ಗೊಂಬೆ ಜೋಡಿಸಿಟ್ಟ ಹಾಗೆ ನಿಂತಿತ್ತು. ಬ್ಯಾಂಕಿನ ಜವಾನ ಬೀಗದೊಳಗೆ ಕೀಲಿ ಇಟ್ಟು ಕಾಯುತ್ತಿದ್ದ. ಶಾಲೆಯ ಗೇಟಿನಲ್ಲಿ ಮಕ್ಕಳು ಸಿಕ್ಕಿದ ಹೊತ್ತಿಗೆ ಗೋಲಿ ಆಡುತ್ತಿದ್ದರು. ಗಿರಣಿಯ ಆಳುಗಳು ಮೂರನೆಯ ಬೀಡಿ ಹಚ್ಚಿದ್ದರು.

"ಅಣ್ಣಾ, ಇವತ್ತು ಬೆಳಿಗ್ಗೆ ಸ್ವಲ್ಪ ಉದ್ದ ಆಯ್ತಲ್ವಾ?" ಎಂದು ಒಬ್ಬ ಕೂಗಿದ.

ಮಾಸಿಲಾಮಣಿ ಓಡುತ್ತಲೇ ಇದ್ದ. ಪವುನಮ್ಮಾಳ ಇಡ್ಲಿ ಅಂಗಡಿಯ ಎದುರು ಬಂದಿದ್ದನೋ ಇಲ್ಲವೋ, ಸಂಗು ಆಯಿತು.

ಅವನು ನಿಂತುಬಿಟ್ಟ.

ಐವತ್ತೆರಡು ವರ್ಷದ ಬದುಕಿನಲ್ಲಿ ಅವನು ಅದನ್ನು ಹೊರಗಿನಿಂದ ಕೇಳಿದ್ದು ಅದೇ ಮೊದಲು. ಚಿಕ್ಕಂದಿನಿಂದ ಅವನಿಗೆ ಗೊತ್ತಿದ್ದದ್ದು ಹತ್ತಿಯನ್ನೂ ತೂರಿಕೊಂಡು ಹಲ್ಲು ನಡುಗಿಸುವ ಗದ್ದಲ ಮಾತ್ರ. ಇದು ಬೇರೆ. ದೂರದಲ್ಲಿ ಯಾರೋ ಮಕ್ಕಳನ್ನು ಹೆಸರು ಹಿಡಿದು ಕರೆದಂತೆ, ತಾರಸಿಗಳ ಮೇಲಿಂದ ನಿಧಾನವಾಗಿ ಏರಿ, ಹೊಳೆಯ ಕಡೆ ಬಾಗಿ, ಕರಗಿತು. ಬೀದಿಗೆ ಜೀವ ಬಂತು. ಬೀಗ ತಿರುಗಿತು, ಗೋಲಿಗಳು ಜೇಬು ಸೇರಿದವು, ಬೀಡಿಗಳು ಕಾಲಡಿಗೆ ಹೋದವು. ಅಪ್ಪ ಇಷ್ಟು ವರ್ಷ ಈ ಜನಕ್ಕೆ ಕೊಡುತ್ತಿದ್ದದ್ದು ಇದನ್ನೇ. ಅಪ್ಪನೂ ಇದನ್ನು ಒಮ್ಮೆಯೂ ಕೇಳಿರಲಿಲ್ಲ.

"ಏನಪ್ಪಾ, ಕಣ್ಣಲ್ಲಿ ನೀರು?" ಎಂದಳು ಪವುನಮ್ಮಾಳ್, ಸೌಟು ಹಿಡಿದುಕೊಂಡೇ.

"ಹೊಗೆ, ಅಕ್ಕಾ."

ಅವಳ ಒಲೆ ಆರಿ ಅರ್ಧ ಗಂಟೆಯಾಗಿತ್ತು. ಅವಳು ಒಂದು ಲೋಟ ನೀರು ಮುಂದಿಟ್ಟಳು.

ತಾರಸಿಯಲ್ಲಿ ಚೊಕ್ಕಲಿಂಗಂ ಗೆದ್ದ ಜಟ್ಟಿಯಂತೆ ನಿಂತಿದ್ದ. "ಹೇಗಿತ್ತು? ಸೆಕೆಂಡಿಗೆ ಸರಿಯಾಗಿ ಒಂಬತ್ತು!"

"ಒಂಬತ್ತು ಹದಿಮೂರಣ್ಣಾ!" ಎಂದ ಮಾಸಿಲಾಮಣಿ ಜೇಬುಗಡಿಯಾರ ಹಿಡಿದು.

"ಛೆ, ಇರಲಾರದು. ನನ್ನದು ಸ್ವಲ್ಪ ಹಿಂದೆ ಬೀಳುತ್ತೆ, ಅದು ನಿಜ. ಆದ್ರೆ ನಾನು ದಿನಾ ಸರಿ ಮಾಡ್ಕೋತೀನಲ್ಲ."

"ಯಾವಾಗ?"

"ಒಂಬತ್ತರ ಸಂಗು ಕೇಳಿದಾಗ" ಎಂದ ಚೊಕ್ಕಲಿಂಗಂ. ಹೇಳುತ್ತ ಹೇಳುತ್ತ ಅವನ ಬಾಯಿ ಹಾಗೇ ತೆರೆದುಕೊಂಡಿತು.

ಇತ್ತ ಮಂಟಪದಲ್ಲಿ ಸಂಗು ಕೇಳಿದೊಡನೆ ನಾಗಸ್ವರದವನು ಅಣೆಕಟ್ಟು ಒಡೆದಂತೆ ಊದಿದ. ಕಲೆಕ್ಟರ್ ನಾಲ್ಕನೆಯ ಬತ್ತಿಯಲ್ಲಿ ದೀಪ ಹಚ್ಚಿದರು. ಚೇರ್ಮನ್ ಮೇಜಿನ ಬಳಿ ಹೋಗಿ, "ಹಳೇ ಗಡಿಯಾರ, ಮುಂದೆ ಓಡುತ್ತೆ" ಎಂದು ಹಾರ ಸರಿಸಿ, ಮುಳ್ಳನ್ನು ಹಿಂದಕ್ಕೆ ತಿರುಗಿಸಿ ಸರಿಯಾಗಿ ಒಂಬತ್ತಕ್ಕೆ ನಿಲ್ಲಿಸಿದರು. ಸಭೆಯೆಲ್ಲ ಕೈಗಡಿಯಾರ ಸರಿಮಾಡಿಕೊಂಡಿತು. ಕಲೆಕ್ಟರ್ ಅಮ್ಮ ಒಂದು ಗಳಿಗೆ ಯೋಚಿಸಿ, ಇಷ್ಟು ಜನ ತಪ್ಪಿರಲಾರರೆಂದು ತಮ್ಮದನ್ನೂ ತಿರುಗಿಸಿದರು.

ಮೊದಲ ಹೆಸರು ಕರೆದಾಗ ಮೊದಲ ಕುರ್ಚಿ ಖಾಲಿ ಇತ್ತು. ಆದರೆ ಚೇರ್ಮನ್ ಚುನಾವಣೆ ಗೆದ್ದವರು. ಖಾಲಿ ಕುರ್ಚಿಯಿಂದಲೂ ಭಾಷಣ ಹೊರಡಿಸಬಲ್ಲವರು. "ನೋಡಿದ್ರಾ ಅಮ್ಮಾ! ಸನ್ಮಾನದ ದಿನವೂ ಕರ್ತವ್ಯಕ್ಕೆ ಓಡಿದ! ಇಂಥವನಿಗೆ ಇಲ್ಲಲ್ಲ, ಆ ಸಂಗಿನ ಕೆಳಗೇ ಶಾಲು ಹೊದಿಸಬೇಕು!"

ಕಲೆಕ್ಟರರ ಕಣ್ಣು ತೇವವಾಯಿತು. "ಮಧ್ಯಾಹ್ನದ ತನಕ ನಾನು ಪುರಸಭೆಯಲ್ಲೇ ಇರ್ತೀನಿ. ಒಂದರ ಸಂಗು ಆದ ತಕ್ಷಣ ಅಲ್ಲೇ ಹೊದಿಸ್ತೀನಿ."

ಕಮಿಷನರ್ ಇದನ್ನು ಹೇಳಲು ತಾವೇ ತಾರಸಿ ಹತ್ತಿ ಬಂದರು. "ಒಂದಕ್ಕೆ ಸರಿಯಾಗಿ ಆಗ್ಬೇಕಪ್ಪಾ. ಕಲೆಕ್ಟರ್ ಕೂಡ ನಮ್ಮ ಸಂಗಿಗೇ ಟೈಮ್ ಇಟ್ಕೊಂಡಿದಾರೆ."

"ಸಾರ್, ಆ ಟೈಮು..."

"ಸನ್ಮಾನಪತ್ರದಲ್ಲಿ ನಾನೇ ಬರೆದದ್ದು: ಒಂದು ನಿಮಿಷ ಮುಂಚೆಯೂ ಅಲ್ಲ, ಒಂದು ನಿಮಿಷ ತಡವೂ ಅಲ್ಲ. ನಿಮ್ಮಪ್ಪನ ಹೆಸರೂ ಸೇರಿಸಿದೀನಿ" ಎಂದರು ಕಮಿಷನರ್, ಅವರಿಗೆ ಅಪರೂಪವಾದ ಒಂದು ನಗೆ ನಕ್ಕು.

ಅಪ್ಪನ ಹೆಸರು ಕೇಳಿದ ಮೇಲೆ ಮಾಸಿಲಾಮಣಿ ಕೈಯಲ್ಲಿದ್ದ ಗಡಿಯಾರವನ್ನು ಮತ್ತೆ ಜೇಬಿಗಿಳಿಸಿದ. ಚೊಕ್ಕಲಿಂಗಂ ಮೂಲೆಯಲ್ಲಿ ನಿಂತು, ಬೇಡಪ್ಪಾ ಎಂದು ಕೈ ಮುಗಿಯುತ್ತಿದ್ದ.

ಅವರು ಇಳಿದು ಹೋದ ಮೇಲೆ ಇಬ್ಬರೂ ಹಿಡಿಕೆಯ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಲೆಕ್ಕ ಹಾಕಿದರು. ಊರೆಲ್ಲ ಹದಿಮೂರು ನಿಮಿಷ ಹಿಂದಿದೆ. ಆದ್ದರಿಂದ ಜೇಬುಗಡಿಯಾರದಲ್ಲಿ ಒಂದು ಹದಿಮೂರಾದಾಗ ಎಳೆದರೆ ಊರಿಗೆ ಸರಿಯಾಗಿ ಒಂದು.

"ನಾಳೆಯಿಂದ ದಿನಕ್ಕೊಂದು ನಿಮಿಷ ಮುಂದೆ ತಳ್ಳೋಣ" ಎಂದ ಚೊಕ್ಕಲಿಂಗಂ, ಚಿಲ್ಲರೆ ಹೊಂದಿಸಿದ ಕಂಡಕ್ಟರನ ಸಮಾಧಾನದಲ್ಲಿ. "ಹದಿಮೂರು ದಿನಕ್ಕೆ ಊರು ಜಾಗಕ್ಕೆ ಬರುತ್ತೆ. ಒಂದು ನಾಯಿಗೂ ಗೊತ್ತಾಗಲ್ಲ."

ಮಾಸಿಲಾಮಣಿ ಜೇಬುಗಡಿಯಾರಕ್ಕೆ ಕೀಲಿ ಕೊಡುತ್ತ, "ಇವತ್ತೊಂದು ದಿನ ಅಣ್ಣಾ. ಕಾಂತಿಗೋಸ್ಕರ" ಎಂದ.

ಒಂದಕ್ಕೆ ಮುಂಚೆಯೇ ಪುರಸಭೆಯ ಅಂಗಳದಲ್ಲಿ ಜನ ಸೇರಿದ್ದರು. ತಾರಸಿಯ ಅಂಚಿನಿಂದ ಎಲ್ಲ ಕಾಣುತ್ತಿತ್ತು: ತಟ್ಟೆಯಲ್ಲಿ ಮಡಿಸಿಟ್ಟ ಶಾಲಿನ ಜರಿ, ನೆರಳಲ್ಲಿ ಮಜ್ಜಿಗೆ ಕುಡಿಯುತ್ತಿದ್ದ ಕಲೆಕ್ಟರ್, ಬೇವಿನ ಮರದ ಕೆಳಗೆ ಸೆರಗು ಸರಿಪಡಿಸಿಕೊಳ್ಳುತ್ತಿದ್ದ ಕಾಂತಿಮತಿ. ಶಿವಕಾಮಿ ಕೂಡ ಈಗ ಬಾಯಿ ಮುಚ್ಚಿಕೊಂಡು ಮೇಲೆ ನೋಡುತ್ತಿದ್ದಳು. ಔಷಧಿ ಅಂಗಡಿಯ ರೇಡಿಯೋದಲ್ಲಿ ಒಂದು ಗಂಟೆಯ ವಾರ್ತೆ ಶುರುವಾಗುವ ಸದ್ದು ಕೇಳಿತು. ಅಂಗಡಿಯವನು ಇನ್ನೂ ಹನ್ನೆರಡೂ ಮುಕ್ಕಾಲು ತೋರಿಸುತ್ತಿದ್ದ ತನ್ನ ಗಡಿಯಾರ ನೋಡಿ, ರೇಡಿಯೋದ ತಲೆಗೆ ಎರಡು ತಟ್ಟಿದ.

ಮಾಸಿಲಾಮಣಿ ಹಿಡಿಕೆಯ ಮೇಲೆ ಕೈ ಇಟ್ಟಿದ್ದ, ಸುಮ್ಮನೆ, ಅಭ್ಯಾಸಕ್ಕೆ. ಇನ್ನೂ ಹದಿಮೂರು ನಿಮಿಷ ಕಾಯಬೇಕೆಂದು ಅವನ ತಲೆಗೆ ಚೆನ್ನಾಗಿ ಗೊತ್ತಿತ್ತು. ಎಡಗೈಯಲ್ಲಿದ್ದ ಜೇಬುಗಡಿಯಾರದಲ್ಲಿ ಮುಳ್ಳು ಹನ್ನೆರಡನ್ನು ಮುಟ್ಟಿತು. ತಲೆ ಬೇಡವೆಂದಿತು. ಆದರೆ ಇಪ್ಪತ್ತೆಂಟು ವರ್ಷದಲ್ಲಿ ಬಲಗೈ ತಲೆಯನ್ನು ಕೇಳಿ ಎಳೆದದ್ದೇ ಇಲ್ಲ. ಅದು ಎಳೆಯಿತು.

"ಅಯ್ಯಯ್ಯೋ, ಏನು ಮಾಡಿದ್ಯೋ!" ಎಂದು ಚೊಕ್ಕಲಿಂಗಂ ಕಿವಿ ಮುಚ್ಚಿಕೊಂಡ.

ಸಂಗು ಊರ ತುಂಬ ಹರಡಿತು. ಶಾಲೆಯಿಂದ ನಾನೂರು ಮಕ್ಕಳು ಕಡಲೆಕಾಯಿ ಮೂಟೆ ಬಿಚ್ಚಿದಂತೆ ಹೊರಗೆ ಚೆಲ್ಲಿದರು, ಹಿಂದೆ ಮೇಷ್ಟರು "ಇನ್ನೂ ಹದಿಮೂರು ನಿಮಿಷ ಇದೆ ಕಣ್ರೋ" ಎಂದು ಓಡಿದರು. ಗಿರಣಿ ನಿಂತಿತು. ಗಿರಣಿಯ ಮ್ಯಾನೇಜರು ಸೈಕಲ್ ಏರಿ ಪುರಸಭೆಗೆ ಹೊರಟರು. ಅಂಗಳದಲ್ಲಿ ಎಲ್ಲರೂ ಮೊದಲು ಕೈಗಡಿಯಾರ ನೋಡಿಕೊಂಡರು, ಆಮೇಲೆ ಕಲೆಕ್ಟರರ ಮುಖ. ಕಲೆಕ್ಟರ್ ತಮ್ಮದನ್ನು ನೋಡಿಕೊಂಡು, ಮಜ್ಜಿಗೆಯ ಲೋಟವನ್ನು ಮೆಲ್ಲಗೆ ಕೆಳಗಿಟ್ಟು, "ಹನ್ನೆರಡು ನಲವತ್ತೇಳು" ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಬೇಸರವಿತ್ತು.

ಪುರಸಭೆಯ ನೂರು ವರ್ಷದಲ್ಲಿ ಒಂದು ಕಾಗದ ಅಷ್ಟು ಬೇಗ ಟೈಪಾದದ್ದು ಅದೇ ಮೊದಲಂತೆ. ಐದು ನಿಮಿಷದಲ್ಲಿ ಕಮಿಷನರ್ ಏದುಸಿರು ಬಿಡುತ್ತ ಮತ್ತೆ ತಾರಸಿ ಹತ್ತಿದರು.

"ಸಾರ್, ಒಂದು ಗಂಟೆ ಆಗಿದೆ ಸಾರ್. ಸತ್ಯವಾಗ್ಲೂ. ನೋಡಿ" ಎಂದು ಮಾಸಿಲಾಮಣಿ ಗಡಿಯಾರ ಚಾಚಿದ. "ತಪ್ಪಾದದ್ದು ಬೆಳಿಗ್ಗೆ."

"ಬೆಳಿಗ್ಗೆ ಸರಿಯಾಗಿಯೇ ಆಯ್ತಲ್ಲಪ್ಪಾ. ಚೇರ್ಮನ್ ಗಡಿಯಾರ ಕೂಡ ಸರಿ ಮಾಡಿದ್ರು." ಕಮಿಷನರ್ ಜೇಬುಗಡಿಯಾರವನ್ನು ಎರಡು ಬೆರಳಲ್ಲಿ ಹಿಡಿದು ನೋಡಿ ವಾಪಸು ಕೊಟ್ಟರು. "ಹಳೇದು. ಮುಂದೆ ಓಡುತ್ತೆ. ಇಡೀ ಊರು ತಪ್ಪು, ನೀನೊಬ್ಬ ಸರಿ ಅಂತ ನಾನು ಫೈಲಲ್ಲಿ ಹೇಗೆ ಬರೀಲಿ ಹೇಳು?"

"ಸನ್ಮಾನಪತ್ರ, ಸಾರ್?"

"ಒಂದು ನಿಮಿಷ ಮುಂಚೆಯೂ ಅಲ್ಲ ಅಂತ ಅದರಲ್ಲಿದೆಯಪ್ಪಾ. ಈಗ ಕೊಟ್ರೆ ಸುಳ್ಳು ದಾಖಲೆ ಆಗುತ್ತೆ." ಅವರು ಕನ್ನಡಕ ತೆಗೆದು ಒರೆಸಿ ಒಂದು ಲಕೋಟೆ ಕೊಟ್ಟರು. ಹದಿಮೂರು ನಿಮಿಷ ಮುಂಚಿತವಾಗಿ ಸೈರನ್ ಮೊಳಗಿಸಿ ಸಾರ್ವಜನಿಕರಿಗೆ ಗೊಂದಲ ಉಂಟುಮಾಡಿದ್ದಕ್ಕೆ ಎರಡು ದಿನದೊಳಗೆ ಕಾರಣ ತಿಳಿಸಬೇಕೆಂದು ಅದರಲ್ಲಿತ್ತು. ಮೆಟ್ಟಿಲಿಳಿಯುವ ಮುನ್ನ ತಿರುಗಿ, "ಚೆನ್ನಾಗಿ ಬರಿ. ನಾನು ಜಾಸ್ತಿ ಏನೂ ಮಾಡಲ್ಲ" ಎಂದರು.

ಚೊಕ್ಕಲಿಂಗಂ ಯಾವಾಗಲೋ ಇಳಿದು ಹೋಗಿದ್ದ. ಕೆಳಗೆ ಶಾಲಿನ ತಟ್ಟೆ ಕಚೇರಿಯೊಳಗೆ ಹೋಯಿತು, ಬೀರುವಿನ ಬಾಗಿಲು ಮುಚ್ಚಿದ ಸದ್ದಾಯಿತು. ಕಲೆಕ್ಟರರ ಜೀಪು 'ಬರ್' ಎಂದು ಹೊರಟಿತು. ಮೇಷ್ಟರು ಮಕ್ಕಳನ್ನು ಮತ್ತೆ ಗೇಟಿನೊಳಗೆ ತುಂಬುತ್ತಿದ್ದರು. ಗಿರಣಿಯ ಆಳುಗಳು ಬುತ್ತಿ ಬಿಚ್ಚದೆ, ಇನ್ನೂ ಒಂದಾಗಿಲ್ಲವೆಂದು ಕೆಲಸಕ್ಕೆ ತಿರುಗಿದರು. ಇಡೀ ಪೂವಂಕುಡಿ ಹಸಿದುಕೊಂಡೇ ಗಡಿಯಾರ ನೋಡುತ್ತ ಕೂತಿತು.

ಮೆಟ್ಟಿಲ ಮೇಲೆ ಹೆಜ್ಜೆ ಸದ್ದು ಕೇಳಿ ಮಾಸಿಲಾಮಣಿ ಲಕೋಟೆಯನ್ನು ತೊಡೆಯ ಕೆಳಗೆ ಸರಿಸಿದ. ಕಾಂತಿಮತಿ. ರೇಷ್ಮೆ ಸೀರೆಯ ನೆರಿಗೆ ಒಂದು ಕೈಯಲ್ಲಿ ಎತ್ತಿ ಹಿಡಿದಿದ್ದಳು; ಇನ್ನೊಂದರಲ್ಲಿ ಊಟದ ಪೊಟ್ಟಣ, ಹಣೆಯ ತುಂಬ ಬೆವರು. ಅಕ್ಕ ಜೊತೆಗಿರಲಿಲ್ಲ.

ಅವಳು ಮೋಟಾರಿನ ಪಕ್ಕದ ಧೂಳನ್ನು ಸೆರಗಿನ ತುದಿಯಿಂದ ಒರೆಸಿ, ಅಲ್ಲೇ ಅವನೆದುರು ಕೂತಳು. ಬಾಳೆಲೆಯ ಪೊಟ್ಟಣದ ದಾರ ಬಿಚ್ಚಿದಳು.

"ಒಂದಾಯ್ತಲ್ಲ" ಎಂದು ಅನ್ನವನ್ನು ಅವನ ಕೈಗಿಟ್ಟಳು.